2020ರಲ್ಲಿ ದೀಪ ಹಚ್ಚಿದ ಜನ 2022ರ ಕರ್ಫ್ಯೂ ಯಾಕೆ ಒಪ್ಪಲಿಲ್ಲ?

ಸಕಲೇಶಪುರದವಳು
ಎಲ್ಲರಿಗೂ ನಮಸ್ಕಾರ. ಕೊರೊನಾ ಕಥೆ ಮತ್ತೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಆದರೆ ಈ ಪ್ರಶ್ನೆ ನನ್ನನ್ನು ಬಿಡ್ತಾ ಇಲ್ಲ.

2020ರ ಮಾರ್ಚ್ 24ರ ರಾತ್ರಿ 8 ಗಂಟೆಗೆ ಪ್ರಧಾನಿ ಟಿವಿಯಲ್ಲಿ 21 ದಿನ ಅಂದ್ರು. ಮಧ್ಯರಾತ್ರಿಗೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮ ಕಡೆ ಯಾರೂ ತಕರಾರು ತೆಗೀಲಿಲ್ಲ. ಏಪ್ರಿಲ್ 5ಕ್ಕೆ ದೀಪ ಹಚ್ಚಿ ಅಂದಾಗ ಹಚ್ಚಿದ್ರು. ಯಾವ ಪೊಲೀಸರೂ ಹೇಳದೇ ಹಳ್ಳಿಯವರೇ ಊರ ದಾರಿಗೆ ಮರ, ಮುಳ್ಳು ಅಡ್ಡ ಹಾಕಿಕೊಂಡ್ರು. ಅದೇ ಜನ 2022ರ ಜನವರಿಯಲ್ಲಿ ಶನಿವಾರ, ಭಾನುವಾರ ಕರ್ಫ್ಯೂ ಅಂದಾಗ ಅರ್ಧ ಶಟರ್ ಎಳೆದು ವ್ಯಾಪಾರ ಮಾಡಿದ್ರು. ಮಾಸ್ಕ್ ಗಲ್ಲದ ಕೆಳಗೆ ಇಳೀತು.

ಜನಕ್ಕೆ ಸಾಕಾಗಿತ್ತು ಅನ್ನೋದು ನಿಜ, ಆದರೆ ಅಷ್ಟೇ ಉತ್ತರ ಅಂತ ನನಗೆ ಅನ್ನಿಸಲ್ಲ. ಸಾಕಾಗಿದ್ದರೂ ನಂಬಿಕೆ ಇದ್ದರೆ ಪಾಲಿಸ್ತಾರೆ. ನಿಮ್ಮೂರಲ್ಲಿ ಜನರ ಮನಸ್ಸು ತಿರುಗಿದ್ದು ಯಾವಾಗ, ಯಾವುದರಿಂದ? ದಯವಿಟ್ಟು ಪಕ್ಷದ ಜಗಳ ಬೇಡ.

ಬೆಣ್ಣೆದೋಸೆ
ಹೊಟ್ಟೆ. ಬೇರೆ ಕಾರಣ ಹುಡುಕೋದೇ ಬೇಡ.

ಹುಬ್ಬಳ್ಳಿ ಆಟೋ
ಅಕ್ಕಾರ, ನಾ ಆಟೋ ಹೊಡಿಯಾಂವ. 21 ದಿನ ಅಂದಾಗ ಆತ ಬಿಡು, ರೋಗ ಹೋಗ್ಲಿ ಅಂತ ಸುಮ್ಮ ಕುಂತ್ವಿ. ಆಮ್ಯಾಲ ಮೇ 3 ಆತು, ಮೇ 17 ಆತು, ಮೇ 31 ಆತು. ಪ್ರತಿ ಸಲ ಇನ್ನೆರಡ ವಾರ, ಇನ್ನೆರಡ ವಾರ. ಮೊದಲ ಎರಡ ತಿಂಗಳಾ ಅಂತ ಹೇಳಿದ್ರ ನಾವು ಆ ಲೆಕ್ಕದಾಗ ಏನಾರ ಮಾಡ್ಕೊಂತಿದ್ವಿ. ಹಳ್ಳಿಗೆ ಹೋಗಿ ಹೊಲದಾಗ ದುಡಿತಿದ್ವಿ. ನಾಳೆ ತಗೀತಾರ, ನಾಡಿದ್ದ ತಗೀತಾರ ಅಂತ ಇಲ್ಲೇ ಕುಂತ ಬಾಡಿಗಿ ಮೈಮ್ಯಾಲ ಹಾಕ್ಕೊಂಡ್ವಿ.

ಮೇ 6ಕ್ಕ ಸರ್ಕಾರ 1,610 ಕೋಟಿ ಪ್ಯಾಕೇಜ್ ಹೇಳ್ತು. ಆಟೋ, ಟ್ಯಾಕ್ಸಿಯವ್ರಿಗೆ 5,000 ರೂಪಾಯಿ. ಸೇವಾ ಸಿಂಧುದಾಗ ಅರ್ಜಿ ಹಾಕ್ರಿ ಅಂದ್ರು. ಅದಕ್ಕ ಲೈಸನ್ಸ್ ಬೇಕು, ಬ್ಯಾಜ್ ಬೇಕು. ಬಾಡಿಗಿ ಗಾಡಿ ಹೊಡಿಯೋ ಗೆಳ್ಯಾರು ಸೈಬರ್ ಸೆಂಟರ್ ಮುಂದ ನಿಂತ ನಿಂತ ಸಾಕಾಗಿ ಬಿಟ್ಟಬಿಟ್ರು. 2021ರಾಗ ರೋಗ ಇನ್ನೂ ಜೋರ ಬಂತು, ಆದ್ರ ಕೊಡೂ ರೊಕ್ಕ 3,000ಕ್ಕ ಇಳೀತು. ಆವಾಗ ನಮ್ಮ ಸ್ಟ್ಯಾಂಡಿನ ಮಂದಿ ಮನಸ ತಿರಗಿದ್ದು.

ಬೆಣ್ಣೆದೋಸೆ
ಅದನ್ನೇ ಹೇಳಿದ್ದು. ಬಿಡಿಸಿ ಹೇಳಿದ್ರಿ, ಥ್ಯಾಂಕ್ಸ್ ಅಣ್ಣ.

ನರ್ಸಕ್ಕ
ನನಗೆ ಇದು ಓದೋಕೆ ಕಷ್ಟ ಆಗುತ್ತೆ. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಕೆಲಸ ಮಾಡೋಳು. ಹೊಟ್ಟೆ ವಿಷಯ ಒಪ್ತೀನಿ, ಯಾರೂ ಉಪವಾಸ ಇರಬಾರದು. ಆದರೆ 2021ರ ಮೇ ತಿಂಗಳಲ್ಲಿ ವಾರ್ಡ್ ಒಳಗೆ ನಿಂತವರಿಗೆ ನಿರ್ಬಂಧ ಬೇಕಿತ್ತಾ ಅನ್ನೋ ಪ್ರಶ್ನೆಯೇ ಬರಲ್ಲ. ಆಕ್ಸಿಜನ್ ಪಾಯಿಂಟ್ ಇಷ್ಟೇ ಇರೋದು, ಹೊರಗೆ ಗಾಡಿಗಳ ಸಾಲು. ಮಗ ಅಪ್ಪನ್ನ ಹಿಂದಿನ ಸೀಟಲ್ಲಿ ಒರಗಿಸಿಕೊಂಡು ಬಂದು ಸಿಸ್ಟರ್, ಒಂದು ಬೆಡ್ ಅಂತ ಕೈ ಮುಗೀತಾ ಇದ್ದ. ಆ ತಿಂಗಳು ಮದುವೆ, ಜಾತ್ರೆ, ಸಂತೆ ಎಲ್ಲ ತೆರೆದಿದ್ದರೆ ಆ ಸಾಲು ಎಲ್ಲಿಗೆ ಹೋಗ್ತಿತ್ತು?

ಮೇ 2, 3ರಂದು ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ 24 ಜನ ಹೋದ್ರು. ಆ ಸುದ್ದಿ ಬಂದ ದಿನ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ. ಸಿಲಿಂಡರ್ ಮೀಟರ್ ಕಡೆ ನೋಡ್ತಾನೇ ಡ್ಯೂಟಿ ಮುಗಿಸಿದ್ವಿ.

ಕೋಲಾರದ ಟೊಮೆಟೊ
ನರ್ಸಕ್ಕಾ, ನಿಮಗೆ ಮೊದಲು ಕೈ ಮುಗೀತೀನಿ. ಆದರೆ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ ಅಂತ ಮಾಡಿದ್ರಲ್ಲ, ಅದನ್ನ ಹೇಗೆ ಸಮರ್ಥನೆ ಮಾಡ್ತೀರಿ? ಇಡೀ ದಿನಕ್ಕೆ ಹರಡಬೇಕಾದ ಜನ ನಾಲ್ಕು ಗಂಟೆಯಲ್ಲಿ ಒಬ್ಬರ ಮೇಲೊಬ್ಬರು ಬಿದ್ರು. ಮೇ 10ರಿಂದ ತರಕಾರಿಗೂ ನಡೆದೇ ಹೋಗಿ, ಗಾಡಿ ತೆಗೀಬೇಡಿ ಅಂದ್ರು. ಗಾಡಿಗಳನ್ನ ಹಿಡಿದು ಠಾಣೆ ಮುಂದೆ ಸಾಲಾಗಿ ನಿಲ್ಲಿಸಿದ್ರು. ವಯಸ್ಸಾದೋರು ಅಕ್ಕಿ ಮೂಟೆ ಹೊತ್ಕೊಂಡು ಹೇಗೆ ಬರೋದು?

ರೈತರ ಕಥೆ ಕೇಳಲೇಬೇಡಿ. ಕೊಯ್ಲು ತಡೆಯೋಕಾಗಲ್ಲ. ಹಣ್ಣು ಕೆಂಪಾದ ಮೇಲೆ ಗಿಡದಲ್ಲಿ ಬಿಟ್ಟರೂ ನಷ್ಟ, ಕಿತ್ತು ಮಂಡಿಗೆ ತಂದರೆ ಕೂಲಿ, ಬಾಡಿಗೆ ಮೈಮೇಲೆ. ಹೂವಿನವರದ್ದು ಇನ್ನೂ ಕೆಟ್ಟದು. ದೇವಸ್ಥಾನ ಇಲ್ಲ, ಮದುವೆ ಇಲ್ಲ, ಸೇವಂತಿಗೆ ತೋಟಕ್ಕೆ ಟ್ರ್ಯಾಕ್ಟರ್ ಹೊಡೆದವರನ್ನ ನಾನು ಕಣ್ಣಾರೆ ಕಂಡಿದ್ದೀನಿ. 2020ರಲ್ಲಿ ಹೂವಿಗೆ ಹೆಕ್ಟೇರಿಗೆ 25,000 ಕೊಟ್ಟಿದ್ದು 2021ಕ್ಕೆ 10,000 ಆಯ್ತು.

ನರ್ಸಕ್ಕ
ಆ ನಾಲ್ಕು ಗಂಟೆ ನಿಯಮ ತಪ್ಪು, ಅದನ್ನ ನಾನು ಸಮರ್ಥನೆ ಮಾಡಲ್ಲ. ನಿರ್ಬಂಧವೇ ಬೇಡ ಅನ್ನೋದಕ್ಕೂ ನಿಯಮ ಬುದ್ಧಿಯಿಂದ ಮಾಡಿ ಅನ್ನೋದಕ್ಕೂ ವ್ಯತ್ಯಾಸ ಇದೆ ತಾನೆ.

ಮೈಸೂರು ಪಾಕ
ಮನಸ್ಸು ತಿರುಗಿದ ದಿನ ನನಗೆ ನೆನಪಿದೆ. 2020ರ ಡಿಸೆಂಬರ್ 23ಕ್ಕೆ ರಾತ್ರಿ ಕರ್ಫ್ಯೂ ಅಂತ ಘೋಷಣೆ. ಮೊದಲು ರಾತ್ರಿ 10ರಿಂದ ಅಂದ್ರು, ಆಮೇಲೆ 11ರಿಂದ, ಇವತ್ತಲ್ಲ ನಾಳೆಯಿಂದ ಅಂದ್ರು. 24ಕ್ಕೆ ಜಾರಿಗೆ ಬರೋ ಮುಂಚೆಯೇ ವಾಪಸ್. ಇದರ ಹಿಂದೆ ಯಾವ ವೈದ್ಯಕೀಯ ಲೆಕ್ಕ ಇತ್ತು ಅಂತ ಯಾರಾದರೂ ಹೇಳಿದ್ರಾ? ರಾತ್ರಿ 11ಕ್ಕೆ ರೋಡಲ್ಲಿ ಇರೋರೇ ಎಷ್ಟು ಜನ? ಆವತ್ತಿಂದ ನಮ್ಮ ಮನೆಯಲ್ಲಿ ಸುತ್ತೋಲೆ ಓದೋದೇ ಬಿಟ್ಟರು.

ಬೆಣ್ಣೆದೋಸೆ
ಮಾಸ್ಕ್ ದಂಡವೂ ಹಾಗೇ. ಬೆಂಗಳೂರಲ್ಲಿ 1,000 ರೂಪಾಯಿ ಕಿತ್ಕೊಂಡ್ರು.

ಜೆಪಿ ನಗರ
1,000 ಅಲ್ಲ ಸರ್, 250.

ಅಂಕಿಸಂಖ್ಯೆ
ಇಬ್ಬರೂ ಸರಿ. ಮೊದಲು 200 ಇತ್ತು. 2020ರ ಸೆಪ್ಟೆಂಬರ್ ಕೊನೆಗೆ ನಗರದಲ್ಲಿ 1,000 ಮಾಡಿದ್ರು. ಜನ ಗಲಾಟೆ ಎಬ್ಬಿಸಿದ ಮೇಲೆ ಒಂದೇ ವಾರದಲ್ಲಿ ನಗರದಲ್ಲಿ 250, ಹಳ್ಳಿಯಲ್ಲಿ 100ಕ್ಕೆ ಇಳಿಸಿದ್ರು.

ಗಡಿನಾಡ ಕನ್ನಡಿಗ
ನೀವೆಲ್ಲ ಒಂದೇ ಸರ್ಕಾರದ ನಿಯಮ ಹೇಳ್ತಾ ಇದ್ದೀರಿ. ನಮಗೆ ಎರಡು ಸರ್ಕಾರದ್ದು ಮಾರಾಯ್ರೆ. ನನ್ನ ಮನೆ ಮಂಜೇಶ್ವರದ ಹತ್ತಿರ. ಆಸ್ಪತ್ರೆ, ಕಾಲೇಜು, ಕೆಲಸ ಎಲ್ಲ ಮಂಗಳೂರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೇಷನ್ ಕಾರ್ಡ್ ಮಾತ್ರ ಕೇರಳದ್ದು. 2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ರು. ತಲಪಾಡಿಯಲ್ಲಿ ಆಂಬುಲೆನ್ಸ್ ಸಹ ಬಿಡ್ಲಿಲ್ಲ. ಚಿಕಿತ್ಸೆ ಸಿಗದೆ ಕಾಸರಗೋಡಿನ ಕಡೆಯವರು ತೀರಿಕೊಂಡ ಸುದ್ದಿ ಒಂದರ ಹಿಂದೆ ಒಂದು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟು ಅಂತ ಹೋದ ಮೇಲೆ ಏಪ್ರಿಲ್‌ನಲ್ಲಿ ರೋಗಿಗಳಿಗೆ ಮಾತ್ರ ದಾರಿ ಬಿಟ್ಟದ್ದು.

ಅಲ್ಲಿಗೇ ಮುಗೀಲಿಲ್ಲ. 2021ರ ಫೆಬ್ರವರಿಯಲ್ಲಿ 72 ಗಂಟೆ ಒಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ಬೇಕು ಅಂದ್ರು. ದಿನಾ ಮಂಗಳೂರಿಗೆ ಹೋಗಿ ಬರುವವ ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಬೇಕಾ? ಆಗಸ್ಟ್‌ನಲ್ಲಿ ಪುನಃ ಅದೇ. ಕನ್ನಡ ರಾಜ್ಯಕ್ಕೆ ಸೇರಬೇಕು ಅಂತ ಹೋರಾಡಿದ ಹಿರಿಯರ ಮಕ್ಕಳು ನಾವು. ತಲಪಾಡಿ ಗೇಟಿನಲ್ಲಿ ನಮ್ಮನ್ನು ನೋಡಿದ ರೀತಿ ಈಗಲೂ ಎದೆಯಲ್ಲಿ ಉಂಟು.

ಸಕಲೇಶಪುರದವಳು
ಅಣ್ಣಾ, ಗಡಿ ಆಚೆಯ ಕನ್ನಡದವರ ಈ ಪಾಡು ಇಲ್ಲಿ ಯಾರೂ ಸರಿಯಾಗಿ ಮಾತಾಡಿಲ್ಲ. ಬರೆದಿದ್ದಕ್ಕೆ ಧನ್ಯವಾದ.

ಕಲಬುರಗಿ ಬಿಸಿಲು
ನಮ್ಮದೂ ಕೇಳ್ರಿ. ದೇಶದಾಗ ಕೊರೊನಾದಿಂದ ಮೊದಲ ಸಾವು ನಮ್ಮ ಊರಾಗ ಆತು, 2020ರ ಮಾರ್ಚ್ 10ಕ್ಕ. ಅಲ್ಲಿಂದ ನಾವು ಎಲ್ಲಿ ಹೋದರೂ ಕಲಬುರಗಿಯವ್ರಾ ಅಂತ ಹಿಂದ ಸರದ ನಿಂದರತಿದ್ರು. ಬಾಡಿಗಿ ಮನಿ ಕೊಡಲಿಲ್ಲ. ನಿರ್ಬಂಧಕ್ಕ ಜನ ಮೊದಮೊದಲ ಒಪ್ಪಿದ್ದು ನಂಬಿಕಿಯಿಂದ ಅಂತೀರಿ. ನನಗ ಹಂಗ ಅನ್ಸೂದಿಲ್ರಿ. ಅಂಜಿಕಿಯಿಂದ ಒಪ್ಪಿದ್ರು. ಊರಿಗೆ ಮುಳ್ಳ ಹಚ್ಚಿದ್ದು ಅಂಜಿಕಿ. ಪುಣೆ, ಮುಂಬೈಯಿಂದ ನಡಕೊಂತ ಬಂದ ನಮ್ಮ ಮಂದಿನ್ನ, ಹೆತ್ತ ಊರವ್ರೇ ಹೊರಗ ನಿಲ್ಲಿಸಿದ್ರು. ಅದನ್ನ ಶಿಸ್ತು ಅಂತ ಹೊಗಳಬ್ಯಾಡ್ರಿ ಅಕ್ಕಾ.

ಸಕಲೇಶಪುರದವಳು
ಮುಳ್ಳು ಹಾಕಿದ್ದು ಒಳ್ಳೇದು ಅಂತ ನಾನು ಹೇಳಿಲ್ಲ. ಯಾರೂ ಹೇಳದೇ ಹಾಕಿದ್ರು ಅಂದೆ ಅಷ್ಟೇ. ಆದರೆ ನೀವು ಹೇಳಿದ್ದು ಮುಖ್ಯ. ಭಯ ಎಷ್ಟು, ನಂಬಿಕೆ ಎಷ್ಟು ಅನ್ನೋದನ್ನ ಬೇರೆ ಮಾಡಿ ನೋಡಬೇಕು.

ಪೀಣ್ಯ ಶಿಫ್ಟ್
ವಲಸೆ ಕಾರ್ಮಿಕರ ಮಾತು ಬಂತಲ್ಲ. 2020ರ ಮೇ ಮೊದಲ ವಾರ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆದ ಮೇಲೆ ಬೆಂಗಳೂರಿನಿಂದ ಹೊರಡೋ ಶ್ರಮಿಕ್ ರೈಲುಗಳನ್ನೇ ರದ್ದು ಮಾಡಿದ್ರು. ಇಲ್ಲಿ ಕೂಲಿ ಇಲ್ಲ, ಮನೆಗೆ ಹೋಗೋಕೂ ಬಿಡಲ್ಲ ಅಂದ್ರೆ ಏನರ್ಥ? ದೇಶವೆಲ್ಲ ಉಗಿದ ಮೇಲೆ ಎರಡು ಮೂರು ದಿನದಲ್ಲಿ ಮತ್ತೆ ಬಿಟ್ಟರು. ನಮ್ಮ ಶೆಡ್ಡಲ್ಲಿದ್ದ ಬಿಹಾರದ ಹುಡುಗರು ಆ ಎರಡು ದಿನ ಊಟ ಮುಟ್ಟಲಿಲ್ಲ.

ರಾಜಾಜಿನಗರ 4ನೇ ಬ್ಲಾಕ್
ಅಸಲಿ ವಿಷಯಕ್ಕೆ ಬನ್ನಿ. 2021ರ ಏಪ್ರಿಲ್ 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣ ಉಪಚುನಾವಣೆ. ಅದೇ ತಿಂಗಳು 10ರಿಂದ ಬೆಂಗಳೂರು, ಮೈಸೂರು, ಮಂಗಳೂರು, ಕಲಬುರಗಿಯಲ್ಲೆಲ್ಲ ರಾತ್ರಿ ಕರ್ಫ್ಯೂ. ಸಾಮಾನ್ಯ ಮನುಷ್ಯ ರಾತ್ರಿ 10ರ ಮೇಲೆ ಹೊರಗೆ ಬರೋ ಹಾಗಿಲ್ಲ, ಪ್ರಚಾರಕ್ಕೆ ಸಾವಿರಾರು ಜನ ಸೇರಬಹುದು.

ಕನಕಪುರ ರೋಡ್
ಆ ಮೇಲೆ 2022ರ ಜನವರಿ 9ಕ್ಕೆ ಮೇಕೆದಾಟು ಪಾದಯಾತ್ರೆ ಶುರು. ಭಾನುವಾರ, ವಾರಾಂತ್ಯ ಕರ್ಫ್ಯೂ ಇದ್ದ ದಿನವೇ. ಹೈಕೋರ್ಟ್ ಕೇಳಿದ ಮೇಲೆ 13ಕ್ಕೆ ನಿಲ್ಲಿಸಿದ್ರು. ಇದೂ ಬರೀರಿ.

ರಾಜಾಜಿನಗರ 4ನೇ ಬ್ಲಾಕ್
ಅದು ನೀರಿಗಾಗಿ ಹೋರಾಟ, ಇದು ಓಟಿಗಾಗಿ.

ಕನಕಪುರ ರೋಡ್
ವೈರಾಣುಗೆ ನೀರು, ಓಟು ಗೊತ್ತಾಗುತ್ತಾ? ಕರ್ಫ್ಯೂ ಅಂದ್ರೆ ಎಲ್ಲರಿಗೂ ಕರ್ಫ್ಯೂ.

ನಿರ್ವಾಹಕ
ಇಲ್ಲಿಗೆ ಸಾಕು. ಎರಡೂ ಉದಾಹರಣೆ ದಾಖಲಾಗಿವೆ. ಮುಂದಿನ ಪಕ್ಷದ ಮಾತು ಅಳಿಸಲಾಗುವುದು.

ಬೆಣ್ಣೆದೋಸೆ
ನಿರ್ವಾಹಕರೇ, ಅಳಿಸಿ ಪರವಾಗಿಲ್ಲ, ಆದರೆ ಅದೇ ಉತ್ತರ. ದಾವಣಗೆರೆಯಲ್ಲಿ ನಮ್ಮದು ಸಣ್ಣ ಖಾನಾವಳಿ. ಅರ್ಧ ಟೇಬಲ್ ಎತ್ತಿ ಇಟ್ವಿ. ಪಾರ್ಸೆಲ್ ಮಾತ್ರ ಅಂದಾಗ ಪಾರ್ಸೆಲ್ ಮಾತ್ರ ಕೊಟ್ವಿ. ಕೆಲಸದ ಹುಡುಗರಿಗೆ ಅರ್ಧ ಸಂಬಳ ಕೊಟ್ಟು ಉಳಿಸಿಕೊಂಡ್ವಿ, ಅದಕ್ಕೆ ಮನೆಯವಳ ಬಳೆ ಅಡ ಇಟ್ವಿ. ಇಷ್ಟೆಲ್ಲ ಮಾಡಿದವನು ಒಂದು ಭಾನುವಾರ ಟಿವಿ ಹಾಕಿದ್ರೆ ಅಷ್ಟು ಜನ ಭುಜಕ್ಕೆ ಭುಜ ತಾಗಿಸಿ ನಡೀತಿದ್ದಾರೆ. ಸೋಮವಾರ ಯಾವ ಮುಖ ಇಟ್ಟುಕೊಂಡು ಗಿರಾಕಿಗೆ ದೂರ ಕೂತ್ಕೊಳ್ಳಿ ಅನ್ನಲಿ? ಅದಕ್ಕೂ ಮೇಲೆ 2022ರ ಜನವರಿಯಲ್ಲಿ ರೋಗವೇ ಇರಲಿಲ್ಲ.

ಅಂಕಿಸಂಖ್ಯೆ
ಕೊನೆಯ ವಾಕ್ಯ ಮಾತ್ರ ಸರಿಯಿಲ್ಲ ಅಣ್ಣ. ರಾಜ್ಯದಲ್ಲಿ ಒಂದೇ ದಿನ ಅತಿ ಹೆಚ್ಚು ಪ್ರಕರಣ ಬಂದಿದ್ದೇ ಆ ತಿಂಗಳು. ಈ ಎರಡು ದಿನ ಪಕ್ಕಪಕ್ಕ ಇಟ್ಟು ನೋಡಿ. 2021ರ ಮೇ 5ಕ್ಕೆ 50,112 ಹೊಸ ಪ್ರಕರಣ, 346 ಸಾವು. 2022ರ ಜನವರಿ 23ಕ್ಕೆ 50,210 ಹೊಸ ಪ್ರಕರಣ, 19 ಸಾವು. ಸೋಂಕು ಹೆಚ್ಚುಕಡಿಮೆ ಅಷ್ಟೇ, ಸಾವಿನ ಲೆಕ್ಕ ಬೇರೆಯೇ. ನಡುವೆ ಲಸಿಕೆ ಬಂದಿತ್ತು, ಬಹಳ ಜನರಿಗೆ ಒಮ್ಮೆ ಸೋಂಕು ತಗುಲಿ ಹೋಗಿತ್ತು, ಒಮಿಕ್ರಾನ್ ಶ್ವಾಸಕೋಶಕ್ಕೆ ಡೆಲ್ಟಾದಷ್ಟು ಇಳೀತಿರಲಿಲ್ಲ.

ಇನ್ನೊಂದು ಗಮನಿಸಿ. ವಾರಾಂತ್ಯ ಕರ್ಫ್ಯೂ ತೆಗೆದಿದ್ದು ಜನವರಿ 21ಕ್ಕೆ, ಅಂದರೆ ಪ್ರಕರಣ ತುದಿ ಮುಟ್ಟೋಕೆ ಎರಡು ದಿನ ಮುಂಚೆ. ಹಾಗಾದರೆ 7ನೇ ತಾರೀಕು ಹಾಕುವಾಗ ಪ್ರಕರಣ ಏರ್ತಿದೆ ಅಂದ್ರು, 21ಕ್ಕೆ ಇನ್ನೂ ಏರ್ತಿರುವಾಗಲೇ ತೆಗೆದ್ರು. ತೆಗೆದಿದ್ದು ಸರಿಯಾದ ನಿರ್ಧಾರ, ಆಸ್ಪತ್ರೆ ಸೇರೋರು ಕಡಿಮೆ ಇದ್ರು. ಆದರೆ ಆ ಅಳತೆಗೋಲನ್ನ ಮೊದಲೇ ಹೇಳಬೇಕಿತ್ತು. ಆಸ್ಪತ್ರೆಯಲ್ಲಿ ಇಷ್ಟು ಬೆಡ್ ತುಂಬಿದರೆ ಮಾತ್ರ ಮುಚ್ಚುತ್ತೀವಿ ಅಂತ. ಜನ ತಮ್ಮ ಬೀದಿಯಲ್ಲಿ ನೆಗಡಿಯಾಗಿ ನಾಲ್ಕು ದಿನಕ್ಕೆ ಎದ್ದು ಓಡಾಡಿದವರನ್ನ ನೋಡಿ ತಾವೇ ಲೆಕ್ಕ ಹಾಕಿಕೊಂಡಿದ್ರು. ಸರ್ಕಾರ ಆ ಲೆಕ್ಕಕ್ಕೆ ಬರೋಕೆ ಎರಡು ವಾರ ತಗೊಳ್ತು.

ನರ್ಸಕ್ಕ
ಇದನ್ನ ಪೂರ್ತಿ ಒಪ್ತೀನಿ. ಜನವರಿಯಲ್ಲಿ ನಮ್ಮ ವಾರ್ಡ್‌ನಲ್ಲಿ ಹಾಸಿಗೆ ಖಾಲಿ ಇದ್ವು. ನಾವೇ ಸಿಬ್ಬಂದಿ ಜ್ವರ ಬಂದು ಮಲಗಿದ್ವಿ, ಅದೇ ದೊಡ್ಡ ಸಮಸ್ಯೆ.

ತುರುವೇಕೆರೆ ಮೇಷ್ಟ್ರು
ತಡವಾಗಿ ಬಂದೆ, ಕ್ಷಮಿಸಿ. ಇಷ್ಟು ಜನ ಬರೆದರೂ ಶಾಲೆಯ ಮಾತು ಬಂದಿಲ್ಲ ಅನ್ನೋದು ನನಗೆ ಬೇಸರ. ಮದ್ಯದಂಗಡಿ 2020ರ ಮೇ 4ಕ್ಕೆ ತೆರೆದರು. ಒಂದರಿಂದ ಐದನೇ ತರಗತಿ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತೊಂಬತ್ತು ತಿಂಗಳು. ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದುತ್ತಿದ್ದ ಮಗು ಮೂರನೇ ಕ್ಲಾಸಿಗೆ ಬಂದು ಕೂತಿತು. ಒತ್ತಕ್ಷರ ಬರ್ತಿರಲಿಲ್ಲ. ಕೆಲವರಿಗೆ ಕಾಗುಣಿತವೇ ಹೋಗಿತ್ತು. ಹುಡುಗಿಯರಲ್ಲಿ ಒಬ್ಬಿಬ್ಬರು ಬರಲೇ ಇಲ್ಲ, ವಿಚಾರಿಸಿದ್ರೆ ಮದುವೆ ಆಯ್ತು ಸಾರ್ ಅಂದ್ರು.

ಸರ್ಕಾರ ಏನೂ ಮಾಡಲಿಲ್ಲ ಅನ್ನಲ್ಲ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ತಂದ್ರು. ನಾವು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಹುಣಸೆಮರದ ನೆರಳು ಎಲ್ಲೆಂದರಲ್ಲಿ ಮಕ್ಕಳನ್ನ ಕೂರಿಸಿ ಪಾಠ ಮಾಡಿದ್ವಿ. ಮಕ್ಕಳು ಓಡೋಡಿ ಬರ್ತಿದ್ರು. ನಮ್ಮ ಸಹೋದ್ಯೋಗಿಗಳು ಕೆಲವರು ಸೋಂಕಿಗೆ ಬಲಿಯಾದ್ರು, ಅಕ್ಟೋಬರ್‌ನಲ್ಲಿ ನಿಲ್ಲಿಸಿದ್ರು. ಆ ನಿಲುಗಡೆ ತಪ್ಪು ಅಂತ ಹೇಳೋ ಶಕ್ತಿ ನನಗಿಲ್ಲ, ತೀರಿಕೊಂಡವರ ಮನೆಗೆ ಹೋಗಿ ಬಂದವನು ನಾನು. ಆದರೆ ಜನವರಿಯಲ್ಲಿ ಸೋಂಕು ಇಳಿದಾಗ ಚಿಕ್ಕ ಮಕ್ಕಳಿಗೂ ತೆರೆಯಬಹುದಿತ್ತು. ಮಾಲ್, ಥಿಯೇಟರ್, ಮದುವೆ ಛತ್ರ ಎಲ್ಲ ತೆರೆದ ಮೇಲೂ ಶಾಲೆಗೆ ಬೀಗ. ಮಕ್ಕಳಿಗೆ ಓಟಿಲ್ಲ, ಸಂಘ ಇಲ್ಲ. ಅವರ ಪರ ಕೇಳೋರು ಯಾರು?

ಜೆಪಿ ನಗರ
ಮೇಷ್ಟ್ರೇ, ಆನ್‌ಲೈನ್ ಕ್ಲಾಸ್ ಇತ್ತಲ್ಲ?

ತುರುವೇಕೆರೆ ಮೇಷ್ಟ್ರು
ನಿಮ್ಮಲ್ಲಿ ಇತ್ತು. ಐದನೇ ತರಗತಿವರೆಗೆ ಆನ್‌ಲೈನ್ ಬೇಡ ಅಂತ 2020ರ ಜೂನ್‌ನಲ್ಲಿ ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ನಮ್ಮ ಮಕ್ಕಳಿಗೆ ಆ ಜಗಳವೇ ತಲುಪಲಿಲ್ಲ. ಮನೆಗೊಂದು ಫೋನು, ಅದು ಅಪ್ಪನ ಜೇಬಲ್ಲಿ, ಅಪ್ಪ ತೋಟದಲ್ಲಿ.

ಎಸ್ಸೆಸ್ಸೆಲ್ಸಿ 2021 ಬ್ಯಾಚ್
ನಮ್ಮದು ಜುಲೈ 19, 22 ಎರಡೇ ದಿನದ ಪರೀಕ್ಷೆ, ಸರಿ ಉತ್ತರ ಆರಿಸಿ ಬರೀ ಗುಂಡು ತುಂಬೋದು. ಈಗಲೂ ಕೆಲಸಕ್ಕೆ ಹೋದರೆ ಓ ಕೊರೊನಾ ಬ್ಯಾಚಾ ಅಂತಾರೆ. 2020ರವರು ಜೂನ್ 25ರಿಂದ ಪೂರ್ತಿ ಬರೆದ್ರು, ಅವರನ್ನ ಯಾರೂ ಹಾಗೆ ಅನ್ನಲ್ಲ. ನಾವು ಬರೆಯಲ್ಲ ಅಂತ ಹೇಳಿರಲಿಲ್ಲ.

ತುರುವೇಕೆರೆ ಮೇಷ್ಟ್ರು
ಯಾರು ಏನೇ ಅನ್ನಲಿ ತಲೆ ಎತ್ತಿ ಮಾತಾಡು ಮಗಾ. ಆ ವರ್ಷ ಓದಿದ್ದೇ ದೊಡ್ಡದು.

ಕೋಲಾರದ ಟೊಮೆಟೊ
ಒಂದು ಒಳ್ಳೇದೂ ಆಯ್ತು ಅಂತ ಹೇಳಲೇಬೇಕು. ನಮ್ಮ ತಂಗಿ ಮದುವೆ 2021ರಲ್ಲಿ ಮನೆ ಅಂಗಳದಲ್ಲಿ, 40 ಜನಕ್ಕೆ ಅನುಮತಿ. ಸಾಲ ಇಲ್ಲದೆ ಮುಗೀತು.

ಮೈಸೂರು ಪಾಕ
40 ಜನಕ್ಕೆ ಅಡುಗೆ ಭಟ್ಟರು, ವಾಲಗದವರು, ಶಾಮಿಯಾನದವರು ಬದುಕೋದು ಹೇಗೆ? ನಿಮ್ಮ ಉಳಿತಾಯ ಅವರ ನಷ್ಟ. 2020ರ ದಸರಾ ಜಂಬೂಸವಾರಿ ಅರಮನೆ ಒಳಗೇ ಮುಗೀತು, 300 ಜನ ಮಿತಿ. ಆ ಎರಡು ವರ್ಷ ಟಾಂಗಾದವರು, ಕಲಾ ತಂಡದವರು ಏನು ತಿಂದ್ರು ಅಂತ ನನಗೆ ಗೊತ್ತು.

ಕೋಲಾರದ ಟೊಮೆಟೊ
ಹೌದು, ಅದೂ ಸರಿಯೇ.

ಮೆಲ್ಬರ್ನ್ ಮಲೆನಾಡಿಗ
ನಾನು ಶಿವಮೊಗ್ಗದವನು, ಮೆಲ್ಬರ್ನ್‌ನಲ್ಲಿದ್ದೀನಿ. ಇಲ್ಲಿ ಆರು ಲಾಕ್‌ಡೌನ್, ಒಟ್ಟು 262 ದಿನ. ಮನೆಯಿಂದ 5 ಕಿಲೋಮೀಟರ್ ದಾಟೋ ಹಾಗಿಲ್ಲ, ರಾತ್ರಿ ಕರ್ಫ್ಯೂ. ಆದರೂ ಬಹುಪಾಲು ಜನ ಪಾಲಿಸಿದ್ರು, ಯಾಕೆ ಅಂದ್ರೆ ಎರಡು ಕಾರಣ. ಕೆಲಸ ನಿಂತವರಿಗೆ ಮೊದಲ ಆರು ತಿಂಗಳು ಹದಿನೈದು ದಿನಕ್ಕೆ 1,500 ಡಾಲರ್ ಬರ್ತಿತ್ತು. ಮತ್ತೆ ಕೊನೆಯ ಲಾಕ್‌ಡೌನ್‌ನಲ್ಲಿ 16 ವರ್ಷ ದಾಟಿದ ಶೇ 70 ಜನಕ್ಕೆ ಎರಡು ಡೋಸ್ ಆದ ದಿನ ತೆರೀತೀವಿ ಅಂದ್ರು, 2021ರ ಅಕ್ಟೋಬರ್ 21ಕ್ಕೆ ತೆರೆದ್ರು. ಜನ ದಿನಾ ಆ ಸಂಖ್ಯೆ ನೋಡ್ತಿದ್ರು.

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಆ 1,500 ಡಾಲರ್ ನಮ್ಮ ಕನ್ನಡದ ವಿದ್ಯಾರ್ಥಿಗಳಿಗೆ ಸಿಗಲಿಲ್ಲ, ತಾತ್ಕಾಲಿಕ ವೀಸಾದವರು ಹೊರಗೆ. ನಾವೇ ಕೆಲವರು ಸೇರಿ ಅಕ್ಕಿ, ಬೇಳೆ ಹಂಚಿದ್ವಿ. 2021ರ ಸೆಪ್ಟೆಂಬರ್‌ನಲ್ಲಿ ಕಟ್ಟಡ ಕಾರ್ಮಿಕರು ಬೀದಿಗಿಳಿದ್ರು. ಇನ್ನು ನನ್ನ ಎದೆಯಲ್ಲಿ ಉಳಿದಿದ್ದು ಬೇರೆ. ಏಪ್ರಿಲ್ 27ಕ್ಕೆ ಭಾರತದ ವಿಮಾನ ನಿಲ್ಲಿಸಿದ್ರು. ಮೇ 3ರಿಂದ ಭಾರತದಿಂದ ವಾಪಸ್ ಬರೋ ತಮ್ಮದೇ ನಾಗರಿಕರಿಗೂ ಐದು ವರ್ಷದವರೆಗೆ ಜೈಲು ಅಂದ್ರು. ಮೇ 15ರವರೆಗೆ ಹಾಗೇ ಇತ್ತು. ಇಲ್ಲಿಂದ ಹೊರಡೋಕೂ ಅನುಮತಿ ಬೇಕಿತ್ತು. ನನ್ನ ಅಪ್ಪ ಆ ಮೇ ತಿಂಗಳು ಹೋದ್ರು. ವಿಡಿಯೋದಲ್ಲಿ ನೋಡಿದೆ.

ನರ್ಸಕ್ಕ
ತಮ್ಮಾ, ಏನು ಹೇಳಬೇಕೋ ಗೊತ್ತಾಗ್ತಿಲ್ಲ. ಆ ತಿಂಗಳು ಫೋನ್ ಹಿಡಿದು ಮಕ್ಕಳ ಮುಖ ತೋರಿಸಿದ ನರ್ಸ್‌ಗಳಲ್ಲಿ ನಾನೂ ಒಬ್ಬಳು.

ಹುಬ್ಬಳ್ಳಿ ಆಟೋ
ಅಪ್ಪಾರ್ದ ಕೇಳಿ ಭಾಳ ಕೆಟ್ಟ ಅನಸ್ತು ಸರ್. ನೀವು ಹೇಳಿದ ಎರಡ ಕಾರಣ ನಮಗೂ ಸಾಕಿದ್ವು. ರೊಕ್ಕ ಮೊದಲ ಕೈಗೆ ಬರಬೇಕು, ಎಂದ ತಗೀತಾರ ಅನ್ನೂದು ಗೊತ್ತಿರಬೇಕು.

ಜೆಪಿ ನಗರ
ಆಸ್ಟ್ರೇಲಿಯಾದ ಹಾಗೆ ನಮ್ಮಲ್ಲಿ ಕೊಡೋಕೆ ದುಡ್ಡೆಲ್ಲಿದೆ? ಜನಸಂಖ್ಯೆ ನೋಡಿ.

ಹುಬ್ಬಳ್ಳಿ ಆಟೋ
ಅಷ್ಟ ಕೊಡ್ರಿ ಅಂತ ಯಾರ ಕೇಳ್ಯಾರ್ರಿ? 5,000 ಕೊಡ್ತೀವಿ ಅಂದಾವ್ರು ಬ್ಯಾಜ್ ಇಲ್ಲದಾವಂಗೂ ಕೊಟ್ಟಿದ್ರ ಸಾಕಿತ್ತು. ಗಾಡಿ ಮಾಲಕರ ಹತ್ರ, ಸ್ಟ್ಯಾಂಡ್ ಸಂಘದಾವ್ರ ಹತ್ರ ಹೆಸರಿನ ಪಟ್ಟಿ ಇರ್ತದ. ಅವ್ರನ್ನ ಕೇಳಿದ್ರ ಒಂದ ದಿನದ ಕೆಲಸ.

ಅಂಕಿಸಂಖ್ಯೆ
2020ರಲ್ಲಿ 2.3 ಲಕ್ಷ ಕ್ಷೌರಿಕರು, 60 ಸಾವಿರ ಅಗಸರು ಅಂತ ಪಟ್ಟಿ ಘೋಷಿಸಿದ್ರು. ಅವರಲ್ಲಿ ನಿಮ್ಮೂರಲ್ಲಿ ಎಷ್ಟು ಜನರಿಗೆ ಕೈಸೇರಿತು ಅಂತ ಯಾರಿಗಾದರೂ ತಿಳಿದಿದ್ದರೆ ಬರೀರಿ. ಊರು, ವರ್ಷ ಹಾಕಿ, ಹೆಸರು ಬೇಡ.

ಬೆಣ್ಣೆದೋಸೆ
ನಮ್ಮ ಓಣಿ ಸಲೂನಿನವರಿಗೆ ಬಂತು, ದಾವಣಗೆರೆ, 2020. ಪಕ್ಕದ ಅಂಗಡಿಯವರಿಗೆ ಬರಲಿಲ್ಲ, ಕ್ಷೌರಿಕ ಅಂತ ದೃಢೀಕರಣ ಪತ್ರ ಮಾಡಿಸೋಕೆ ಆಗಲಿಲ್ಲ ಅಂದ್ರು. ನಾಳೆ ಇನ್ನೂ ಇಬ್ಬರನ್ನ ಕೇಳಿ ಬರೀತೀನಿ.

ಗಡಿನಾಡ ಕನ್ನಡಿಗ
ನಮ್ಮ ಕಡೆ ಬೀಡಿ ಕಟ್ಟುವವರದ್ದೂ ಸೇರಿಸಿ. ಎಲೆ, ತಂಬಾಕು ಬರ್ತಾ ಇದ್ದದ್ದು ಮಂಗಳೂರಿನಿಂದ. ಗಡಿ ಮುಚ್ಚಿದ ಮೇಲೆ ನಮ್ಮ ಅತ್ತೆಯವರಿಗೆಲ್ಲ ಕೆಲಸವೇ ಇಲ್ಲ. ಅವರು ಯಾವ ಸರ್ಕಾರದ ಪಟ್ಟಿಯಲ್ಲಿ ಹೆಸರು ಹುಡುಕಬೇಕಿತ್ತು ಹೇಳಿ?